ಪ್ರೊಸೆಸರ್ ಕೊಳ್ಳುವ ಮೊದಲು ಮಿಕ್ಸರ್ ಕಡೆ ನೋಡಿ

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಆರ್ಕೆಸ್ಟ್ರಾದವರಿಗೂ ಇದು ಹೆಚ್ಚುಕಡಿಮೆ ಒಂದೇ ಸೀಮೆ. ಗಣೇಶನ ಹಬ್ಬಕ್ಕೆ ಶುರುವಾಗುವ ರಸಮಂಜರಿ ಕಾರ್ಯಕ್ರಮಗಳು ರಾಜ್ಯೋತ್ಸವ ದಾಟಿ ಬೇಸಿಗೆಯ ಜಾತ್ರೆಗಳವರೆಗೂ ನಡೆಯುತ್ತವೆ. ಸ್ಟೇಜ್ ಮೇಲೆ ಕೀಬೋರ್ಡು, ರಿದಂ ಪ್ಯಾಡು, ತಬಲ ಅಥವಾ ಢೋಲಕ್, ಬೇಸು, ಒಂದು ಎಲೆಕ್ಟ್ರಿಕ್ ಗಿಟಾರು. ಗಿಟಾರಿನವನ ಕಾಲಬುಡದಲ್ಲಿ ಒಂದು ಪ್ರೊಸೆಸರ್. ಗುಬ್ಬಿ ನಾಟಕ ಕಂಪನಿ ಹುಟ್ಟಿದ ಈ ಜಿಲ್ಲೆಯಲ್ಲಿ ಈಗಲೂ ರಾತ್ರಿಯಿಡೀ ಕೂತು ಹಾಡು ಕೇಳುವ ಜನ ಇದ್ದಾರೆ. ಅವರ ಕಿವಿಗೆ ಗಿಟಾರಿನ ದನಿ ಹೇಗೆ ತಲುಪುತ್ತದೆ ಅನ್ನುವುದು ಆ ಪುಟ್ಟ ಪೆಟ್ಟಿಗೆಯ ಮೇಲೆ ನಿಂತಿದೆ.

ಕಲಿಯುವ ಹುಡುಗರು ಕೇಳುವುದು ಒಂದೇ ಪ್ರಶ್ನೆ: ಯಾವ ಪ್ರೊಸೆಸರ್ ತಗೊಳ್ಳಲಿ? ಬಾಸ್ ಒಳ್ಳೇದಾ, ಜೂಮ್ ಒಳ್ಳೇದಾ, ಈಗ ಬಂದಿರುವ ವ್ಯಾಲಿಟನ್, ನಕ್ಸ್ ಹೇಗೆ? ಅಂಗಡಿಯವರು ಡಬ್ಬದ ಮೇಲೆ ಅಚ್ಚಾದದ್ದನ್ನು ಓದಿ ಹೇಳುತ್ತಾರೆ, ಇದರಲ್ಲಿ ನೂರು ಎಫೆಕ್ಟು, ಅದರಲ್ಲಿ ಇನ್ನೂರು ಅಂತ. ಈ ಎಣಿಕೆಯಿಂದ ನಮ್ಮ ಊರುಗಳ ಗಿಟಾರಿನವರಿಗೆ ಪ್ರಯೋಜನ ಕಡಿಮೆ. ನೋಡಬೇಕಾದದ್ದು ಪ್ರೊಸೆಸರಿನಿಂದ ಹೊರಟ ಕೇಬಲ್ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದನ್ನು. ಬೆಂಗಳೂರಿನ ಪಬ್ಬುಗಳಲ್ಲಿ ಬಾರಿಸುವ ಬ್ಯಾಂಡಿಗೆ ಸ್ಟೇಜ್ ಮೇಲೆ ಗಿಟಾರ್ ಆಂಪ್ಲಿಫೈಯರ್ ಇರುತ್ತದೆ, ಅದರ ಮುಂದೆ ಮೈಕ್ ಇಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಆಂಪ್ ಇರುವುದಿಲ್ಲ. ಸೌಂಡಿನವರು ಒಂದು ಲೈನ್ ಎಸೆಯುತ್ತಾರೆ, ಅದನ್ನು ಪ್ರೊಸೆಸರಿಗೆ ಚುಚ್ಚಿದರೆ ಆಯಿತು. ದನಿ ನೇರವಾಗಿ ಮಿಕ್ಸರಿಗೆ, ಅಲ್ಲಿಂದ ಹಾಡುಗಾರರ ದನಿ ಬರುವ ಅದೇ ಬಾಕ್ಸುಗಳಿಗೆ. ಹೀಗಾಗಿ ನಮ್ಮಲ್ಲಿ ಪ್ರೊಸೆಸರು ಎಫೆಕ್ಟಿನ ಪೆಟ್ಟಿಗೆ ಮಾತ್ರವಲ್ಲ. ಆಂಪ್, ಆಂಪಿನ ಸ್ಪೀಕರ್, ಸ್ಪೀಕರಿನ ಮುಂದಿನ ಮೈಕು ಇಷ್ಟೂ ಅದೇ. ಹೋಲಿಕೆ ಮಾಡುವಾಗ ಇಲ್ಲಿಂದ ಶುರು ಮಾಡಬೇಕು.

ಯಂತ್ರದ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭ. ತಂತಿ ಅಲುಗಿದಾಗ ಪಿಕಪ್ಪಿನಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಪ್ರೊಸೆಸರು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಆ ಅಂಕಿಗಳ ಮೇಲೆ ಲೆಕ್ಕ ಹಾಕುತ್ತದೆ. ಅಲೆಯ ತುದಿ ಕತ್ತರಿಸಿದರೆ ಡಿಸ್ಟಾರ್ಷನ್, ತಡಮಾಡಿ ಮತ್ತೆ ಸೇರಿಸಿದರೆ ಡಿಲೇ, ಆ ತಡವನ್ನೇ ತುಸು ಹಿಂದೆ ಮುಂದೆ ತೂಗಿಸಿದರೆ ಕೋರಸ್. ಕೊನೆಗೆ ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿಸಿ ಹೊರಗೆ ಕಳಿಸುತ್ತದೆ. ಇದಕ್ಕೆಲ್ಲ ಹಿಡಿಯುವ ಸಮಯ ಕೆಲವೇ ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಮಾನಿಟರ್ ಬಾಕ್ಸನ್ನು ಒಂದೆರಡು ಹೆಜ್ಜೆ ಆಚೆ ಸರಿಸಿದರೆ ಆಗುವಷ್ಟೇ ತಡ ಇದು, ಯಾರ ಬೆರಳಿಗೂ ಗೊತ್ತಾಗುವುದಿಲ್ಲ. ಡಿಜಿಟಲ್ ಅಂದರೆ ತಡ ಎಂಬ ಹಳೇ ದೂರನ್ನು ಇನ್ನು ಬಿಡಬಹುದು.

ಜಪಾನಿನ ಒಸಾಕಾದಲ್ಲಿ 1972ರಲ್ಲಿ ಇಕುತಾರೊ ಕಕೆಹಾಶಿ ಕಟ್ಟಿದ ರೋಲಂಡ್ ಕಂಪನಿಯದೇ ಬಾಸ್. ನಮ್ಮ ಆರ್ಕೆಸ್ಟ್ರಾಗಳ ರಿದಂ ಪ್ಯಾಡುಗಳಲ್ಲಿ ಬಹುಪಾಲು ರೋಲಂಡಿನವೇ ಆದ್ದರಿಂದ ಆ ಹೆಸರಿಗೆ ಇಲ್ಲಿ ಮೊದಲಿಂದಲೂ ಮರ್ಯಾದೆ. ಒಂದೊಂದು ಎಫೆಕ್ಟಿಗೆ ಒಂದೊಂದು ಪೆಡಲು ಇದ್ದ ಕಾಲದಿಂದ ಎಲ್ಲ ಒಂದೇ ಪೆಟ್ಟಿಗೆಗೆ ಬಂದ ಹಾದಿಯಲ್ಲಿ ಬಾಸ್‌ನ ಎಂಇ-5 (1988) ಒಂದು ಮುಖ್ಯ ನಿಲ್ದಾಣ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದಾದ 9002 ಎಂಬ ಯಂತ್ರದಿಂದ ಜೂಮ್ ಹೆಸರಾಯಿತು. 1998ರಲ್ಲಿ ಅಮೆರಿಕದ ಲೈನ್ 6 ಕಂಪನಿ ಕೆಂಪು ಬಣ್ಣದ ಪಾಡ್ ತಂದಾಗ ಮಾತು ಎಫೆಕ್ಟಿನಿಂದ ಆಂಪಿಗೆ ಹೊರಳಿತು. ಹೆಸರಾಂತ ಆಂಪುಗಳ ವರ್ತನೆಯನ್ನೇ ಲೆಕ್ಕದಲ್ಲಿ ಹಿಡಿದು, ಆಂಪ್ ಇಲ್ಲದೆ ರೆಕಾರ್ಡಿಂಗ್ ಮಾಡಬಹುದೆಂದು ಅದು ತೋರಿಸಿತು. ಸ್ಟುಡಿಯೋಗಳಿಗೆಂದು ಮಾಡಿದ ಆ ಕೆಲಸ ಹೆಚ್ಚು ಅನುಕೂಲವಾದದ್ದು ಆಂಪ್ ಹೊರುವ ವ್ಯಾನೂ ಇಲ್ಲದ, ಆಂಪ್ ಕೊಳ್ಳುವ ದುಡ್ಡೂ ಇಲ್ಲದ ನಮ್ಮಂಥ ಊರಿನವರಿಗೆ ಎಂದು ನನ್ನ ನಂಬಿಕೆ.

ಇನ್ನು ಮುಖ್ಯ ವಿಷಯ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಎಲ್ಲ ಶಬ್ದವನ್ನೂ ಸಮನಾಗಿ ಹೊರಹಾಕುವುದಿಲ್ಲ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಬೇಗ ಬಿದ್ದುಹೋಗುತ್ತದೆ. ಡಿಸ್ಟಾರ್ಷನ್ ಹಾಕಿದಾಗ ಅಲೆಯ ತುದಿ ಕತ್ತರಿಸಿ ಹೋಗಿ ಮೇಲಿನ ಸ್ವರಾಂಶಗಳು ರಾಶಿ ರಾಶಿ ಹುಟ್ಟುತ್ತವೆ. ಅವುಗಳಲ್ಲಿ ಕಿವಿಗೆ ಚುಚ್ಚುವಂಥವನ್ನು ಈ ಸ್ಪೀಕರೇ ನುಂಗಿಕೊಳ್ಳುತ್ತದೆ. ರಾಕ್ ಗಿಟಾರಿನ ತುಂಬು ದನಿ ಎಂದು ನಾವು ಮೆಚ್ಚುವುದರಲ್ಲಿ ಅರ್ಧಕ್ಕರ್ಧ ಸ್ಪೀಕರಿನ ಈ ಅಸಮರ್ಥತೆಯ ಕೊಡುಗೆ. ಸೌಂಡಿನವರ ಬಾಕ್ಸುಗಳಲ್ಲಿ ಹಾಗಲ್ಲ. ಹಾಡುಗಾರ್ತಿಯ ಸಕಾರ ಶಕಾರ ಸ್ಪಷ್ಟವಾಗಿ ಕೇಳಲೆಂದೇ ಅದರಲ್ಲಿ ಹಾರ್ನ್ ಇರುತ್ತದೆ, 15,000 ಹರ್ಟ್ಸ್‌ವರೆಗೂ ಸಲೀಸಾಗಿ ಹೋಗುತ್ತದೆ. ಅದಕ್ಕೆ ಬರಿಯ ಡಿಸ್ಟಾರ್ಷನ್ ಕಳಿಸಿದರೆ ಕಣಜದ ಗೂಡಿಗೆ ಕಲ್ಲು ಹೊಡೆದ ಹಾಗಾಗುತ್ತದೆ. ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಸೌಂಡಿನವರು ಗಿಟಾರಿನ ಫೇಡರ್ ಕೆಳಗಿಳಿಸುತ್ತಾರೆ, ಆಮೇಲೆ ಇಡೀ ರಾತ್ರಿ ಗಿಟಾರು ಯಾರಿಗೂ ಕೇಳುವುದಿಲ್ಲ. ಎಷ್ಟೋ ಒಳ್ಳೆಯ ಕೈಗಳು ಹೀಗೆ ಫೇಡರಿನ ಕೆಳಗೆ ಹೂತುಹೋಗಿವೆ.

ಇದಕ್ಕೆ ಪರಿಹಾರ ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಗುಣವನ್ನೂ ಲೆಕ್ಕದಲ್ಲೇ ಸೇರಿಸುವುದು. ಈಚಿನ ಯಂತ್ರಗಳಲ್ಲಿ ಇದು ಐಆರ್ ಎಂಬ ಸಣ್ಣ ಫೈಲಿನ ರೂಪದಲ್ಲಿ ಬರುತ್ತದೆ. ನಿಜವಾದ ಸ್ಪೀಕರಿಗೆ ಪರೀಕ್ಷೆಯ ಶಬ್ದವೊಂದನ್ನು ಕೊಟ್ಟು, ಎದುರಿಗಿಟ್ಟ ಮೈಕಿನಲ್ಲಿ ಅದು ಹೇಗೆ ಕೇಳಿ ಅಡಗಿತು ಎಂದು ದಾಖಲಿಸಿದ ಗುರುತು ಅದು. ಸಾಮಾನ್ಯವಾಗಿ 1,024 ಅಂಕಿ, ಕಾಲದಲ್ಲಿ ಹೇಳಿದರೆ 23 ಮಿಲಿಸೆಕೆಂಡು. ಇಷ್ಟು ಚಿಕ್ಕ ಫೈಲು ಬದಲಾದರೆ ಅದೇ ಗಿಟಾರು, ಅದೇ ಪೆಡಲು, ಬೇರೆಯೇ ವಾದ್ಯ ಅನ್ನಿಸುವಷ್ಟು ದನಿ ಬದಲಾಗುತ್ತದೆ. ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ವ್ಯತ್ಯಾಸ ಹುಡುಕುವವರು ಡಿಲೇ, ಕೋರಸ್‌ಗಳಲ್ಲಿ ಹುಡುಕಿ ದಣಿಯುವುದು ಬೇಡ. ಅವು ಎಲ್ಲದರಲ್ಲೂ ಚೆನ್ನಾಗಿಯೇ ಇವೆ. ಕ್ಯಾಬಿನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ.

ಈ ಕ್ಯಾಬಿನೆಟ್ ಎಲ್ಲಿ ಅಡಗಿ ಕೂತಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. 2014ರಲ್ಲಿ ಬಂದ ಬಾಸ್ ಎಂಇ-80ರ ಹಿಂಭಾಗದಲ್ಲಿ ಆಂಪಿಗೆ ಹೋಗುವ ಔಟ್‌ಪುಟ್ ಜ್ಯಾಕುಗಳ ಜೊತೆಗೆ ಹೆಡ್‌ಫೋನು ಮತ್ತು ರೆಕಾರ್ಡಿಂಗಿಗೆಂದು ಬೇರೆ ಜ್ಯಾಕ್ ಇದೆ. ಸ್ಪೀಕರ್ ಸಿಮ್ಯುಲೇಷನ್ ಸಿಗುವುದು ಅದರಲ್ಲಿ. ಔಟ್‌ಪುಟ್ ಎಂದು ಬರೆದಿದೆಯಲ್ಲ ಎಂದು ಮಿಕ್ಸರಿನ ಲೈನನ್ನು ಮಾಮೂಲಿ ಜ್ಯಾಕಿಗೆ ಚುಚ್ಚಿದರೆ ಮೇಲೆ ಹೇಳಿದ ಗತಿಯೇ. ಬಾಸ್‌ನದೇ 2016ರ ಜಿಟಿ-1ರಲ್ಲಿ ಇದೇ ಕೆಲಸ ಮೆನುವಿನೊಳಗಿದೆ. ಔಟ್‌ಪುಟ್ ಸೆಲೆಕ್ಟ್ ಎಂಬಲ್ಲಿಗೆ ಹೋಗಿ, ನೀವು ಚುಚ್ಚುತ್ತಿರುವುದು ಆಂಪಿಗೋ ಲೈನಿಗೋ ಎಂದು ಒಮ್ಮೆ ಹೇಳಬೇಕು. ಬೇರೆ ಕೆಲವು ಯಂತ್ರಗಳಲ್ಲಿ ಕ್ಯಾಬಿನೆಟ್ ಪ್ರತಿಯೊಂದು ಪ್ಯಾಚಿನ, ಅಂದರೆ ಕಟ್ಟಿ ಉಳಿಸಿಟ್ಟ ದನಿಯ, ಒಳಗೇ ಇರುತ್ತದೆ, ಒಂದೊಂದನ್ನೂ ತೆರೆದು ನೋಡಬೇಕು. ನಕ್ಸ್ ಎಂಜಿ-30, ವ್ಯಾಲಿಟನ್ ಜಿಪಿ-200, ಬಾಸ್‌ನ 2023ರ ಎಂಇ-90 ಇವೆಲ್ಲ ಹೊರಗಿನ ಐಆರ್ ಫೈಲನ್ನೂ ಒಳಗೆ ಸೇರಿಸಿಕೊಳ್ಳುತ್ತವೆ. ಆಂಪ್ ಇಟ್ಟುಕೊಳ್ಳದವರಿಗೆ ಈ ಒಂದು ಸೌಲಭ್ಯ ನೂರು ಎಫೆಕ್ಟಿಗಿಂತ ಮೇಲು. ನಕ್ಸ್, ವ್ಯಾಲಿಟನ್‌ನಂಥ ಚೀನಾದ ಕಂಪನಿಗಳ ಬಗ್ಗೆ ಮೂಗು ಮುರಿಯುವ ಕಾಲ ಮುಗಿದದ್ದು ಇಲ್ಲಿಯೇ. ದೊಡ್ಡ ಹೆಸರಿನವರು ಮೇಲಿನ ದರ್ಜೆಗೆಂದು ಕಾದಿರಿಸಿದ್ದನ್ನು ಅವರು ಕಡಿಮೆ ಬೆಲೆಯ ಪೆಟ್ಟಿಗೆಗೆ ಇಳಿಸಿದರು.

ಜ್ಯಾಕಿನ ಮಾತು ಬಂದಾಗ ಇನ್ನೊಂದು. ನಮ್ಮ ಕಡೆ ಸೌಂಡ್ ಬಹುಮಟ್ಟಿಗೆ ಮೋನೋ. ಎರಡು ಔಟ್‌ಪುಟ್ ಇರುವ ಪ್ರೊಸೆಸರಿನಲ್ಲಿ ಎಲ್, ಮೋನೋ ಎಂದು ಬರೆದ ಜ್ಯಾಕನ್ನೇ ಬಳಸಬೇಕು. ಕೈಗೆ ಸಿಕ್ಕಿತೆಂದು ಬಲಗಡೆಯದಕ್ಕೆ ಮಾತ್ರ ಚುಚ್ಚಿದರೆ, ಎಡಬಲಕ್ಕೆ ಓಡಾಡುವ ಡಿಲೇಯಲ್ಲಿ ಅರ್ಧ ಮಾಯವಾಗುತ್ತದೆ.

ಒಂದು ರಾತ್ರಿಯ ಕಾರ್ಯಕ್ರಮ ಗಿಟಾರಿನವನಿಂದ ಏನೇನು ಕೇಳುತ್ತದೆ ನೋಡಿ. ವಿಜಯಭಾಸ್ಕರ್ ಅವರ ‘ನಾಗರಹಾವು’ (1972) ಕಾಲದ ಹಾಡಿಗೆ ತಿಳಿಯಾದ ದನಿ ಬೇಕು. ಇಳಯರಾಜ ಸಂಗೀತದ ‘ಗೀತಾ’ (1981) ಬಂದರೆ ಜನ ಶಂಕರನಾಗ್ ನೆನೆದು ಶಿಳ್ಳೆ ಹಾಕುತ್ತಾರೆ, ಗಿಟಾರು ಎದ್ದು ಕೇಳಬೇಕು. ಹಂಸಲೇಖರ ‘ಪ್ರೇಮಲೋಕ’ಕ್ಕೆ (1987) ಕೋರಸ್ ಬೆರೆಸಿದ ಹೊಳಪು, ಗುರುಕಿರಣ್ ಅವರ ‘ಉಪೇಂದ್ರ’ಕ್ಕೆ (1999) ಸರಿಯಾದ ಡಿಸ್ಟಾರ್ಷನ್, ಮನೋಮೂರ್ತಿಯವರ ‘ಮುಂಗಾರು ಮಳೆ’ಗೆ (2006) ಮರದ ಗಿಟಾರಿನ ಮೆತ್ತನೆ. ಪಾವಗಡದ ಕಡೆ ಹೋದರೆ ತೆಲುಗು ಹಾಡುಗಳ ಚೀಟಿಯೂ ಬರುತ್ತದೆ. ಸುತ್ತ ಬಹುಪಾಲು ಆಂಧ್ರವೇ ಇರುವ ತಾಲ್ಲೂಕು ಅದು. ಹಾಡಿನ ಪಟ್ಟಿ ಎಷ್ಟೇ ಉದ್ದವಿದ್ದರೂ ಬೇಕಾಗುವ ದನಿ ಐದಾರು. ತಿಳಿ, ತಿಳಿಗೆ ಕೋರಸ್, ಸಣ್ಣ ಓವರ್‌ಡ್ರೈವ್, ದೊಡ್ಡ ಡಿಸ್ಟಾರ್ಷನ್, ಸೋಲೋಗೆ ಡಿಲೇಯ ಜೊತೆ ತುಸು ಏರಿಸಿದ ದನಿ, ಅಕೂಸ್ಟಿಕ್. ಇವಿಷ್ಟನ್ನು ಕಾಲಿಗೆ ಸಿಗುವ ಹಾಗೆ ಜೋಡಿಸಿಕೊಂಡವನಿಗೆ ಇನ್ನೂರು ಎಫೆಕ್ಟಿನ ಹಂಗಿಲ್ಲ.

ಕಾಲಿಗೆ ಸಿಗುವುದು ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜೂಮ್ ಜಿ1 ಫೋರ್‌ಗೆ ಇರುವುದು ಎರಡೇ ಕಾಲಗುಂಡಿ. ಒತ್ತಿದರೆ ಮುಂದಿನ ಪ್ಯಾಚು ಅಥವಾ ಹಿಂದಿನ ಪ್ಯಾಚು. ಪಲ್ಲವಿಗೆ ತಿಳಿದನಿ, ಚರಣದ ಮುಂಚಿನ ವಾದ್ಯದ ಬಿಟ್‌ಗೆ ಡಿಸ್ಟಾರ್ಷನ್ ಬೇಕಿದ್ದರೆ ಅವೆರಡನ್ನೂ ಅಕ್ಕಪಕ್ಕದಲ್ಲೇ ಇಟ್ಟಿರಬೇಕು. ನಾಲ್ಕು ಪ್ಯಾಚ್ ಆಚೆ ಇದ್ದರೆ ದಾರಿಯಲ್ಲಿರುವ ಮೂರೂ ದನಿಗಳು ಜನಕ್ಕೆ ಕೇಳಿಬಿಡುತ್ತವೆ. ಎಂಇ-80ಗೆ ಎಂಟು ಕಾಲಗುಂಡಿ, ಮೇಲೆ ಪ್ರತಿ ಎಫೆಕ್ಟಿಗೂ ಅದರದೇ ತಿರುಪು. ಮ್ಯಾನುಯಲ್ ಮೋಡಿನಲ್ಲಿ ಇಟ್ಟರೆ ಬಿಡಿ ಬಿಡಿ ಪೆಡಲುಗಳ ಸಾಲಿನಂತೆಯೇ ಬಳಸಬಹುದು. ಡಿಲೇ ಜಾಸ್ತಿಯಾಯಿತು ಎನಿಸಿದರೆ ಬಗ್ಗಿ ಒಂದು ತಿರುಪು ತಿರುಗಿಸಿದರೆ ಮುಗಿಯಿತು. ಮೆನು ಇರುವ ಯಂತ್ರದಲ್ಲಿ ಇದೇ ಕೆಲಸಕ್ಕೆ ಪುಟ ಹೊರಳಿಸಬೇಕು, ಅಷ್ಟರಲ್ಲಿ ಕೀಬೋರ್ಡಿನವರು ಮುಂದಿನ ಹಾಡಿನ ಶ್ರುತಿ ಕೊಟ್ಟಾಗಿರುತ್ತದೆ. ಮನೆಯಲ್ಲಿ ಕೂತು ದನಿ ಕಟ್ಟುವವರಿಗೆ ಜಿಟಿ-1 ಹೆಚ್ಚು ಸೂಕ್ಷ್ಮ. ಸ್ಟೇಜ್ ಮೇಲೆ ರಾತ್ರಿ ಹತ್ತೂವರೆಗೆ ಸೆಟ್ಟಿಂಗ್ ಬದಲಾಯಿಸಬೇಕಾಗಿ ಬರುವವರಿಗೆ ನನ್ನ ಓಟು ತಿರುಪುಗಳಿಗೆ. ಸೆಕೆಂಡ್‌ಹ್ಯಾಂಡ್ ಎಂಇ-80 ಸ್ಥಿತಿ ಚೆನ್ನಾಗಿದ್ದು ಸಿಕ್ಕರೆ, ಅದರಲ್ಲಿ ಐಆರ್ ಇಲ್ಲವೆಂಬ ಕೊರತೆಯನ್ನು ನಾನು ಸಹಿಸಿಕೊಳ್ಳುತ್ತೇನೆ.

ಮನೆಯಲ್ಲಿ ಹೆಡ್‌ಫೋನ್ ಹಾಕಿ ಕಟ್ಟಿದ ದನಿ ಮೈದಾನದಲ್ಲಿ ಕೆಡುವುದಕ್ಕೂ ಕಾರಣವಿದೆ. ಶಬ್ದ ಸಣ್ಣದಿದ್ದಾಗ ನಮ್ಮ ಕಿವಿಗೆ ಮಂದ್ರವೂ ತೀರಾ ಮೇಲಿನ ಅಂಶವೂ ಕಡಿಮೆ ಕೇಳುತ್ತವೆ, ಶಬ್ದ ದೊಡ್ಡದಾದಂತೆ ಅವೆರಡೂ ಉಬ್ಬುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗ್ರಾಫಾಗಿ ಬರೆದಿಟ್ಟಿದ್ದಾರೆ. ಮಲಗುವ ಕೋಣೆಯಲ್ಲಿ ಚೆಂದ ಕೇಳಲೆಂದು ಬೇಸು, ಟ್ರೆಬಲ್ ಎರಡನ್ನೂ ಏರಿಸಿ ಮಿಡಲ್ ಇಳಿಸಿಟ್ಟ ದನಿ ಸ್ಟೇಜಿನಲ್ಲಿ ಗುಮ್ಮೆಂದು ಬೇಸ್ ಗಿಟಾರಿನ ಜಾಗಕ್ಕೆ ನುಗ್ಗುತ್ತದೆ, ಮೇಲೆ ಸಿಂಬಲಿನ ಜೊತೆ ಜಗಳಕ್ಕೆ ಬೀಳುತ್ತದೆ. ಗಿಟಾರಿಗೆ ಉಳಿಯುವ ನಿಜವಾದ ಜಾಗ ನಡುವಿನದು, ಅದನ್ನೇ ಇಳಿಸಿಬಿಟ್ಟಿರುತ್ತೇವೆ. ಪ್ಯಾಚ್ ಕಟ್ಟುವಾಗ ಮಿಡಲ್ ಮೇಲಕ್ಕೆ, ಗೇನ್ ನಿಮಗೆ ಬೇಕೆನಿಸಿದ್ದಕ್ಕಿಂತ ತುಸು ಕೆಳಕ್ಕೆ. ಒಂಟಿಯಾಗಿ ಕೇಳಿದಾಗ ಸ್ವಲ್ಪ ಒರಟು ಅನ್ನಿಸುವ ದನಿಯೇ ತಂಡದ ನಡುವೆ ಹದವಾಗಿ ಕೂರುತ್ತದೆ.

ರಿವರ್ಬ್, ಡಿಲೇಯ ಪ್ರಮಾಣವನ್ನು ಜಾಗ ನೋಡಿ ಇಡಬೇಕು. ಶಿರಾದ ಕಾಂಕ್ರೀಟು ಕಲ್ಯಾಣಮಂಟಪದ ಗೋಡೆಗಳೇ ಬೇಕಾದಷ್ಟು ರಿವರ್ಬ್ ಕೊಡುತ್ತವೆ, ಅಲ್ಲಿ ಪ್ರೊಸೆಸರಿನದನ್ನು ಪೂರಾ ಮುಚ್ಚಿದರೂ ನಷ್ಟವಿಲ್ಲ. ಬಯಲಲ್ಲಿ ದನಿ ಒಣಗಿಹೋಗುತ್ತದೆ, ತುಸು ಸೇರಿಸಬಹುದು. ಮಧುಗಿರಿಯದು ಮೂರನೇ ತರ. ಏಕಶಿಲೆಯ ಬೆಟ್ಟ ಎದುರಿಗೆ ಗೋಡೆಯ ಹಾಗೆ ನಿಂತಿದೆ. ಬಾಕ್ಸುಗಳು ಅತ್ತ ಮುಖ ಮಾಡಿದ್ದು ಬಂಡೆ 170 ಮೀಟರ್ ದೂರದಲ್ಲಿದ್ದರೆ, ಹೋದ ಶಬ್ದ ಹೊಡೆದು ವಾಪಸ್ಸು ಬರಲು ಒಂದು ಸೆಕೆಂಡು. 120ರ ಲಯದ ಹಾಡಿನಲ್ಲಿ ಅದು ಸರಿಯಾಗಿ ಎರಡು ಏಟು. ಅಂಥ ಕಡೆ 375 ಮಿಲಿಸೆಕೆಂಡಿನ ನಿಮ್ಮ ಡಿಲೇಯೂ ಸೇರಿಕೊಂಡರೆ ಯಾವ ಸ್ವರ ಯಾವುದರ ಹಿಂದೆ ಬಂತು ಎಂದು ತಿಳಿಯುವುದಿಲ್ಲ. ಸಂಜೆ ಸೌಂಡ್ ಟೆಸ್ಟಿನ ಹೊತ್ತಿಗೆ ಒಂದು ಸ್ವರ ಮೀಟಿ, ತಂತಿ ಮುಚ್ಚಿ, ಸುಮ್ಮನೆ ನಿಂತು ಕೇಳಿದರೆ ಎಷ್ಟು ಬೇಕು ಎಷ್ಟು ಬೇಡ ಗೊತ್ತಾಗುತ್ತದೆ.

ಕರೆಂಟಿನ ವಿಷಯಕ್ಕೆ ಬರೋಣ, ಯಂತ್ರಗಳು ಸಾಯುವುದು ಹೆಚ್ಚಾಗಿ ಇಲ್ಲಿ. ಅಡಾಪ್ಟರಿನ ಹೊಟ್ಟೆಯ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ: ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಎರಡು ಕಡೆ ಪ್ಲಸ್ ಮತ್ತು ಮೈನಸ್. ಬಾಸ್, ಜೂಮ್‌ನ ಬಹುಪಾಲು ಪ್ರೊಸೆಸರುಗಳಿಗೆ 9 ವೋಲ್ಟ್, ನಡುವಿನ ತೂತು ಮೈನಸ್. ಪಕ್ಕದಲ್ಲೇ ಇರುವ ಯಮಹಾದ ಮಾಮೂಲಿ ಕೀಬೋರ್ಡಿಗೆ 12 ವೋಲ್ಟ್, ನಡುವಿನದು ಪ್ಲಸ್. ಎರಡೂ ಕಪ್ಪು, ಎರಡರ ಪಿನ್ನೂ ನೋಡಲು ಒಂದೇ ತರ. ಕತ್ತಲಲ್ಲಿ ಅವಸರಕ್ಕೆ ಅದಲುಬದಲಾದರೆ ವೋಲ್ಟೇಜೂ ತಪ್ಪು, ದಿಕ್ಕೂ ತಪ್ಪು. ಅಡಾಪ್ಟರಿಗೆ ಬಣ್ಣದ ಟೇಪ್ ಸುತ್ತಿ ಇಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ. ಇನ್ನು ಆಂಪಿಯರ್. ಜೂಮ್ ಜಿ1 ಫೋರ್‌ಗೆ 500 ಮಿಲಿಆಂಪಿಯರ್ ಅಡಾಪ್ಟರ್ ಸಾಕು, ಲೈನ್ 6ರ ಎಚ್‌ಎಕ್ಸ್ ಸ್ಟಾಂಪಿನ ಜೊತೆ ಬರುವುದು 3,000ದ್ದು. ಅದು ಹಾಳಾದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಬದಲಿ ಸಿಗುವುದು ಕಷ್ಟ. ಜಿ1 ಫೋರ್ ನಾಲ್ಕು ಪೆನ್‌ಸೆಲ್ಲಿನಲ್ಲೂ ನಡೆಯುತ್ತದೆ, ಯುಎಸ್‌ಬಿಯಿಂದಲೂ ನಡೆಯುತ್ತದೆ. ಅಂದರೆ ಮೊಬೈಲಿನ ಪವರ್‌ಬ್ಯಾಂಕೇ ಸಾಕು. ಜಿಟಿ-1ಕ್ಕೂ ನಾಲ್ಕು ಪೆನ್‌ಸೆಲ್, ಎಂಇ-80ಗೆ ಆರು. ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದ್ದರೂ ರಾತ್ರಿಯ ಜಾತ್ರೆಗೆ ಜನರೇಟರೇ ಗತಿ. ಡೀಸೆಲ್ ಹಾಕಲು ಅದನ್ನು ನಿಲ್ಲಿಸಿದಾಗ ಪ್ರೊಸೆಸರು ಆರಿಹೋಗದೆ ಉಳಿಯುವುದು ದೊಡ್ಡ ನೆಮ್ಮದಿ.

ಸೆಲ್ಲಿನಿಂದ ಇನ್ನೊಂದು ಲಾಭ, ಹಮ್ ಕಡಿಮೆಯಾಗುತ್ತದೆ. ಜನರೇಟರಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ, ಸೀರಿಯಲ್ ಲೈಟಿನ ವೈರು ಗಿಟಾರ್ ಕೇಬಲಿನ ಪಕ್ಕದಲ್ಲೇ ಹಾದುಹೋಗಿದ್ದರೆ, 50 ಹರ್ಟ್ಸಿನ ಗುಂಯ್‌ಗುಡಿಕೆ ಶುರು. ಪ್ರೊಸೆಸರಿನೊಳಗಿನ ನಾಯ್ಸ್ ಗೇಟ್ ನೀವು ಮೀಟದೆ ಇರುವಾಗ ಮಾತ್ರ ಅದನ್ನು ಮುಚ್ಚುತ್ತದೆ. ಗೇಟ್ ಬಿಗಿ ಮಾಡುತ್ತ ಹೋದರೆ ಸ್ವರದ ಬಾಲವೇ ಕತ್ತರಿಸಿ ಹೋಗುತ್ತದೆ, ಎಳೆದು ನುಡಿಸುವ ಹಾಡುಗಳು ಕೆಡುತ್ತವೆ. ಮಿಕ್ಸರ್ ಜನರ ಹಿಂದೆ ನೂರಡಿ ದೂರ ಇದ್ದರೆ, ಉದ್ದನೆಯ ಲೈನಿನಲ್ಲಿ ಹಮ್ ಸೇರದಂತೆ ತಡೆಯುವ ಡಿಐ ಬಾಕ್ಸ್ ಕೇಳಿ, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ಸೌಂಡಿನವರ ಹತ್ತಿರ ಇಲ್ಲದಿದ್ದರೆ ತಂಡವೇ ಒಂದು ಕೊಂಡಿಟ್ಟುಕೊಳ್ಳಬಹುದು. ಹೊಸ ಪ್ರೊಸೆಸರಿಗೆ ಹಾಕುವ ದುಡ್ಡಿನ ಸಣ್ಣ ಪಾಲು ಇಲ್ಲಿ ಹಾಕಿದರೆ ಹೆಚ್ಚು ಫಲ.

ಲಕ್ಷ ರೂಪಾಯಿ ದಾಟುವ ಹೀಲಿಕ್ಸ್, ಕ್ವಾಡ್ ಕಾರ್ಟೆಕ್ಸ್‌ಗಳ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಅವುಗಳ ದನಿ ಮೇಲ್ಮಟ್ಟದ್ದು, ನಿಜ. ಆದರೆ ಕ್ವಾಡ್ ಕಾರ್ಟೆಕ್ಸಿನಂಥ ಯಂತ್ರದ ದೊಡ್ಡ ಆಕರ್ಷಣೆ, ನಿಮ್ಮದೇ ಆಂಪಿನ ದನಿಯನ್ನು ಅದು ಸೆರೆಹಿಡಿಯುತ್ತದೆ ಎಂಬುದು. ಸೆರೆಹಿಡಿಯಲು ಆಂಪೇ ಇಲ್ಲದವರಿಗೆ ಅದು ಬೇರೆಯವರು ಹಿಡಿದಿಟ್ಟ ದನಿಗಳ ಸಂಗ್ರಹವಷ್ಟೆ. ಹಾಗೆ ಹಿಡಿಯುವ ವಿದ್ಯೆಯನ್ನು ಸ್ಟೀವನ್ ಅಟ್ಕಿನ್‌ಸನ್ ಎಂಬುವರು ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ತಂತ್ರಾಂಶವಾಗಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಲ್ಯಾಪ್‌ಟಾಪ್ ಇರುವ ಹುಡುಗರು ಕಾಸು ಖರ್ಚಿಲ್ಲದೆ ಅದರಲ್ಲೇ ಕಿವಿ ಪಳಗಿಸಿಕೊಳ್ಳಬಹುದು.

ಕೊಳ್ಳಲು ಬೆಂಗಳೂರಿಗೆ ಹೋಗುವವರು ಗಿಟಾರನ್ನು ಬಸ್ಸಿನಲ್ಲಿ ಹೊತ್ತೊಯ್ಯುವ ಕಷ್ಟ ಪಡಲೇಬೇಕು. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಅಲ್ಲಿ ಗಿಟಾರ್ ಆಂಪಿಗೆ ಹಾಕಿ ತೋರಿಸಿದರೆ ಒಪ್ಪಬೇಡಿ. ಮೈಕ್ ಹಾಕುವ ಪಿಎ ಬಾಕ್ಸಿಗೇ ಹಾಕಿಸಿ, ಮೊದಲು ಡಿಸ್ಟಾರ್ಷನ್, ಆಮೇಲೆ ತಿಳಿದನಿ ಕೇಳಿ. ಸೆಕೆಂಡ್‌ಹ್ಯಾಂಡ್ ಆದರೆ ಎಲ್ಲ ಕಾಲಗುಂಡಿಗಳನ್ನೂ ನಿಧಾನವಾಗಿ ಒತ್ತಿ ನೋಡಿ. ಒಂದು ಸಲ ಒತ್ತಿದ್ದಕ್ಕೆ ಎರಡು ಪ್ಯಾಚ್ ಹಾರಿದರೆ ಸ್ವಿಚ್ ಸವೆದಿದೆ. ವಾ ಪೆಡಲನ್ನು ತುದಿಯಿಂದ ತುದಿಗೆ ಆಡಿಸುವಾಗ ನಡುವೆ ದನಿ ಎಗರಿದರೆ ಒಳಗೆ ಧೂಳು ಸೇರಿದೆ. ಮಳೆ ಕಮ್ಮಿ, ಧೂಳು ಜಾಸ್ತಿ ಇರುವ ನಮ್ಮ ಸೀಮೆಯಲ್ಲಿ ಓಡಾಡಿದ ಯಂತ್ರಕ್ಕೆ ಇದು ಸಹಜ. ಸ್ವಿಚ್ಚು, ಜ್ಯಾಕು, ತಿರುಪು ಇವನ್ನು ಕೈ ಪಳಗಿದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ಕು ಬದಲಾಯಿಸಬಲ್ಲ, ಬಿಡಿಭಾಗ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಬಹುದು. ಪರದೆ ಸತ್ತಿದ್ದರೆ, ಮುಖ್ಯ ಚಿಪ್ ಕೈಕೊಟ್ಟಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ತಂದ ಮೇಲೆ ಐದಾರು ಪ್ಯಾಚ್ ಕಟ್ಟಿ, ಎಲ್ಲದರ ವಾಲ್ಯೂಮನ್ನು ಒಂದೇ ಮಟ್ಟಕ್ಕೆ ತಂದು, ಸೋಲೋದ್ದನ್ನು ಮಾತ್ರ ತುಸು ಮೇಲಿಡಿ. ಆಮೇಲೆ ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಬ್ಯಾಕಪ್ ತೆಗೆದುಕೊಳ್ಳಿ. ಬಾಸ್‌ಗೆ ಟೋನ್ ಸ್ಟುಡಿಯೋ, ಜೂಮ್‌ಗೆ ಗಿಟಾರ್ ಲ್ಯಾಬ್ ಎಂಬ ಉಚಿತ ತಂತ್ರಾಂಶ ಸಿಗುತ್ತದೆ. ಗಣೇಶನ ಹಬ್ಬ ಬರುವ ಮೊದಲು ಈ ಕೆಲಸ ಮುಗಿಸಿಡಿ, ಆಮೇಲೆ ಜಾತ್ರೆಗಳು ಕಳೆಯುವವರೆಗೂ ಬಿಡುವು ಸಿಗುವುದಿಲ್ಲ.